ಹೊಳಪು ಸಾಯಬೇಕು

"ಏನ್ರೇ ಮುಂಡೇವಾ, ದೋಣಿ ತೊಳೀತಿದೀರೋ ನಿಮ್ಮಪ್ಪನ ಹೆಣ ತೊಳೀತಿದೀರೋ? ಎಷ್ಟೊತ್ತೇ ಅದು!"

ಮಾತು ಮುಗಿಸುವ ಮೊದಲೇ ಮೇಸ್ತ್ರಿ ಬಕೆಟ್ಟಿಗೆ ಒದ್ದ. ಬೀದಿ ಕೊನೆಯ ನಲ್ಲಿಯಿಂದ ನಾನು ಹೊತ್ತು ತಂದಿದ್ದ ನೀರು ಶೆಡ್ಡಿನ ನೆಲದ ಮೇಲೆ ಹರಡಿ, ಅಲ್ಲಿದ್ದ ಬಿಳಿ ಧೂಳನ್ನೆಲ್ಲ ಎಳೆದುಕೊಂಡು ಮೋರಿಯ ಕಡೆ ಹೋಯಿತು. ಅದು ಆ ಬೆಳಗಿನ ಒಂಬತ್ತನೆಯ ಬಕೆಟ್ಟು.

ದೋಣಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ತಿಕ್ಕುತ್ತಿದ್ದ ಅತ್ತಿಗೆ ಮಲಗಿದಲ್ಲೇ ತಲೆ ಹೊರಳಿಸಿದಳು.

"ನೀರು ಚೆಲ್ಲಿದ್ರೆ ಹೊತ್ತು ಇನ್ನೂ ಜಾಸ್ತಿ ಆಗುತ್ತೆ ಮೇಸ್ತ್ರಿ. ಮತ್ತೆ ಹೋಗಿ ತರ್ಬೇಕು."

"ನಾಲಿಗೆ ನೋಡು ನಾಲಿಗೆ! ದೋಣಿ ಮುಳುಗಿಸಿದೋನ ಹೆಂಡ್ತಿ ನೀನು. ನಿನ್ ಹತ್ರ ಬುದ್ಧಿ ಹೇಳಿಸ್ಕೋಬೇಕಾ ನಾನು?"

ಅತ್ತಿಗೆ ಮತ್ತೆ ಮೇಲಕ್ಕೆ ಮುಖ ಮಾಡಿ ತಿಕ್ಕತೊಡಗಿದಳು. ಈ ಮಾತು ಅವಳಿಗೆ ಹೊಸದಲ್ಲ. ಎರಡು ವರ್ಷದಿಂದ ಆ ಶೆಡ್ಡಿನಲ್ಲಿ ಅವಳಿಗಿದ್ದ ಹೆಸರೇ ಅದು.

ನಾನು ಬಕೆಟ್ಟು ಎತ್ತಿಕೊಂಡು ಹೊರಟೆ. ಶೆಡ್ಡಿನೊಳಗೇ, ಆಫೀಸಿನ ಗೋಡೆಗೆ ತಾಗಿ ಒಂದು ನಲ್ಲಿ ಇದೆ. ಈಗ ಅದಕ್ಕೆ ಬೀಗ. ಹಿಂದಿನ ವಾರ ದೋಣಿ ನೋಡಲು ಬಂದಿದ್ದ ಒಬ್ಬ ಹೆಂಗಸು, ನಾವು ಏಳು ಜನ ಸಾಲಾಗಿ ನಿಂತು ಅಲ್ಲಿ ಮುಖ ತೊಳೆಯುವುದನ್ನು ಕಂಡಳು. ರೆಪ್ಪೆ, ಹುಬ್ಬು, ಕಿವಿಯ ಸಂದು, ಎಲ್ಲ ಕಡೆ ನಮಗೆ ಬಿಳಿ ಧೂಳು. ತನ್ನ ಕೈಯಲ್ಲಿದ್ದ ಕಾಫಿ ಲೋಟ ನೋಡಿ, "ಇದಕ್ಕೂ ಅದೇ ನಲ್ಲಿ ನೀರಾ?" ಎಂದು ಕೇಳಿದಳಂತೆ. ಮಾರನೆಯ ದಿನ ಬೀಗ ಬಿತ್ತು. ಕಡಲ ನೀರಿನಲ್ಲಿ ದೋಣಿ ತೊಳೆಯುವ ಹಾಗಿಲ್ಲ, ಉಪ್ಪು ಉಳಿಯುತ್ತದೆ. ಹಾಗಾಗಿ ಬೀದಿ ನಲ್ಲಿಯೇ ಗತಿ.

ದೋಣಿಗೆ ಬಳಿಯುವ ರೆಸಿನ್ ಅಂಟು ಗಟ್ಟಿಯಾದ ಮೇಲೆ ನೋಡುವವರ ಕಣ್ಣಿಗೆ ಗಾಜಿನ ಹಾಗೆ ಹೊಳೆಯುತ್ತದೆ. ಬಂದವರೆಲ್ಲ ಆ ಹೊಳಪಿಗೆ ಮರುಳಾಗುತ್ತಾರೆ. ಉಜ್ಜುವವರಿಗೆ ಗೊತ್ತು, ಅದು ಮೋಸದ ಹೊಳಪು. ಥಂಡಿ ಹವೆಯಲ್ಲಿ ಗಟ್ಟಿಯಾದ ರೆಸಿನ್ ಮೈಮೇಲೆ ಜಿಡ್ಡು ಬಿಡುತ್ತದೆ, ತೆಳ್ಳಗೆ, ಮೇಣ ಸವರಿದ ಹಾಗೆ. ನಾವು ಅದನ್ನು ಬೆವರು ಅನ್ನುತ್ತೇವೆ. ಮೊದಲು ಸಿಹಿನೀರು ಹಾಕಿ ಒರಟು ನಾರಿನಲ್ಲಿ ತಿಕ್ಕಿ, ನೀರು ಆರುವ ಮುಂಚೆಯೇ ಒಣಬಟ್ಟೆಯಿಂದ ಆ ಬೆವರನ್ನು ಒರೆಸಿ ತೆಗೆಯಬೇಕು. ಆಮೇಲೆ ಉಪ್ಪುಕಾಗದ. ಹೊಳಪು ಪೂರ್ತಿ ಸತ್ತು, ಮೈಯೆಲ್ಲ ಬೂದಿ ಬಳಿದ ಹಾಗೆ ಮಂಕಾಗುವ ತನಕ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳ ಒಳಕ್ಕೆ ಇಳಿಯುತ್ತದೆ. ಉಜ್ಜದೆ ಬಳಿದರೆ ಮೇಲಿನ ಪದರ ಕೆಳಗಿನದನ್ನು ಹಿಡಿಯುವುದೇ ಇಲ್ಲ. ಹಿಡಿದ ಹಾಗೆ ಕಾಣುತ್ತದೆ, ಅಷ್ಟೆ.

ಇದನ್ನೆಲ್ಲ ನಮಗೆ ಕಲಿಸಿದವನು ನನ್ನ ಅಣ್ಣ.

ಆ ದೋಣಿ ಜನರನ್ನು ದಾಟಿಸುವ ದೋಣಿ. ಆಚೆ ದಡದ ಕಾರ್ಖಾನೆಗೆ ಹೋಗುವವರು, ಆಸ್ಪತ್ರೆಗೆ ಹೋಗುವ ಬಸುರಿಯರು, ಶಾಲೆಯ ಮಕ್ಕಳು, ಹೀಗೆ ಒಂದು ಸಲಕ್ಕೆ ತೊಂಬತ್ತು ಜನ. ಬಂಡೆಗೆ ತಾಗಿ ತಳ ಸೀಳಿತ್ತು, ಇಬ್ಬರು ಗಂಡಸರು ಉದ್ದಕ್ಕೆ ಮಲಗಿದಷ್ಟು. ಸೀಳಿನ ಮೇಲೆ ಫೈಬರ್ ಬಟ್ಟೆಯ ಒಂದು ಪದರ ಹಾಸಿ ರೆಸಿನ್ ಕುಡಿಸಿ ಆಗಿತ್ತು. ಅದರ ಮೇಲೆ ಇನ್ನು ನಾಲ್ಕು ಪದರ ಬೇಕು.

ನಾನು ಹತ್ತನೆಯ ಬಕೆಟ್ಟು ಹೊತ್ತು ಬರುವಾಗ ಬಾಗಿಲಲ್ಲಿ ಕಾರು ನಿಂತಿತ್ತು.

ಯಜಮಾನರಿಗೆ ನಾವು ಇಟ್ಟ ಹೆಸರು ಬಿಳಿಬೂಟು. ಅಂಥ ಧೂಳು, ಅಂಥ ಅಂಟು ಇರುವ ಜಾಗಕ್ಕೆ ಆತ ದಿನವೂ ಬೆಳ್ಳಗಿನ ಬೂಟು ಹಾಕಿಕೊಂಡು ಬರುತ್ತಿದ್ದ. ಬೂಟಿಗೆ ಏನಾದರೂ ತಾಗಿದರೆ ಎದುರಿಗೆ ಸಿಕ್ಕವರು ಒರೆಸಬೇಕು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಗೊಣಗಜ್ಜಿ. ಬಾಯಲ್ಲಿ ಸದಾ ಏನಾದರೂ ಗೊಣಗುತ್ತಿರುವುದರಿಂದ ಆ ಹೆಸರು. "ಅವನ ಕಾಲಿಗಿರೋ ಮರ್ಯಾದೆ ನಮ್ ತಲೆಗಿಲ್ಲ ಕಣ್ರೇ" ಎನ್ನುತ್ತಿದ್ದಳು ಆಕೆ.

"ನಾಡಿದ್ದು ದೋಣಿ ನೀರಿಗಿಳೀಬೇಕು" ಎಂದರು ಯಜಮಾನರು. "ಕುರ್ಚಿ ಹೇಳಾಯ್ತು, ಶಾಮಿಯಾನ ಹೇಳಾಯ್ತು, ದೊಡ್ಡೋರು ಬರ್ತಾರೆ. ಇದೇನು ಇನ್ನೂ ಹೊಟ್ಟೆ ತೋರಿಸ್ಕೊಂಡು ಮಲಗಿದೆ?"

"ನಾನು ಬಡ್ಕೊಂಡೆ ಯಜಮಾನ್ರೆ" ಎಂದ ಮೇಸ್ತ್ರಿ. "ಥಿನ್ನರಲ್ಲಿ ಒರೆಸಿ ಬಟ್ಟೆ ಹಾಸೋಣ ಅಂದ್ರೆ ಈ ಹೆಂಗ್ಸು ಕೇಳಲ್ಲ."

ಅತ್ತಿಗೆ ದೋಣಿಯ ಕೆಳಗಿಂದ ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತಳು. ಮೂಗು ಬಾಯಿಗೆ ಅಡ್ಡ ಬಟ್ಟೆ ಕಟ್ಟಿಕೊಂಡಿದ್ದಳು. ಬಟ್ಟೆಯ ಮೇಲೆ ಎರಡು ಕಣ್ಣು, ಅವೂ ಧೂಳಿಗೆ ಊದಿ ಗೆರೆಯಷ್ಟೇ ತೆರೆದಿದ್ದವು.

"ಥಿನ್ನರಲ್ಲಿ ಒರೆಸಿದ್ರೆ ಜಿಡ್ಡು ಹೋಗಲ್ಲ ಯಜಮಾನ್ರೆ, ಹರಡ್ಕೊಳ್ಳುತ್ತೆ. ಕಾಲು ಭಾಗ ತೊಳ್ದಿದೀವಿ. ಇವತ್ತೊಂದಿನ ತೊಳ್ದು, ನಾಳೆ ಉಜ್ಜಿ ಕೊಟ್ಟುಬಿಡ್ತೀವಿ. ಆಮೇಲೆ ಪದರ ಹಾಕ್ಕೊಳ್ಳಿ. ಮೂರು ದಿನ ಹೆಚ್ಚಾಗುತ್ತೆ ಅಷ್ಟೆ."

"ಎಲ್ಲಿದೆ ಜಿಡ್ಡು?"

"ಮುಟ್ಟಿ ನೋಡಿ."

ಯಜಮಾನರು ಹತ್ತಿರ ಹೋಗಿ, ತೊಳೆಯದೆ ಉಳಿದಿದ್ದ ಕಡೆ ತೋರುಬೆರಳನ್ನು ಉದ್ದಕ್ಕೆ ಎಳೆದರು. ಬೆರಳು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬೆರಳಿನ ತುದಿ ಮಿಣಮಿಣ ಹೊಳೆಯುತ್ತಿತ್ತು. ನಾವೆಲ್ಲ ನೋಡಿದೆವು. ಆಮೇಲೆ ಅವರು ಅತ್ತಿಗೆಯ ಮುಂದೆ ಬಂದು ನಿಂತು, ಆ ಬೆರಳನ್ನು ಅವಳ ಬಾಯಿಗೆ ಕಟ್ಟಿದ್ದ ಬಟ್ಟೆಗೆ ಒರೆಸಿದರು. ನಿಧಾನವಾಗಿ ಒರೆಸಿದರು, ಆ ಕಡೆ ಒಂದು ಸಲ, ಈ ಕಡೆ ಒಂದು ಸಲ. ಬಟ್ಟೆಯ ಹಿಂದೆ ಅವಳ ತುಟಿ ಹಲ್ಲಿಗೆ ಒತ್ತುವುದು ಕಾಣುತ್ತಿತ್ತು.

"ಹೋಯ್ತಲ್ಲ ಜಿಡ್ಡು!" ಎಂದರು.

ಮೇಸ್ತ್ರಿ ನಕ್ಕ. ಫೈಬರ್ ಬಟ್ಟೆ ಹಾಸುವ ಗಂಡಸರಲ್ಲಿ ಇಬ್ಬರು ನಕ್ಕರು. ಉಳಿದವರು ಬೇರೆ ಕಡೆ ನೋಡಿದರು.

"ನಿನ್ನ ಗಂಡ ಜೈಲಿಗೆ ಹೋದಾಗ ಊರಲ್ಲಿ ಒಬ್ಬರೂ ನಿನಗೆ ಕೆಲಸ ಕೊಡಲಿಲ್ಲ. ಕೊಟ್ಟೋನು ನಾನು. ಉಪ್ಪು ತಿಂದ ಮನೆಗೆ ಎರಡು ಬಗೀಬೇಡ."

ಬಟ್ಟೆಯ ಹಿಂದಿನಿಂದ ಅತ್ತಿಗೆಯ ದನಿ ಬಂತು. "ನಾವು ತಿಂದಿದ್ದು ಉಪ್ಪಲ್ಲ ಯಜಮಾನ್ರೆ. ಉಪ್ಪುಕಾಗದದ ಧೂಳು."

ಯಜಮಾನರು ಮೇಸ್ತ್ರಿಯ ಕಡೆ ತಿರುಗಿ, ಏನೂ ಕೇಳಿಸಿಯೇ ಇಲ್ಲ ಎಂಬಂತೆ, "ಮಧ್ಯಾಹ್ನದೊಳಗೆ ಎರಡು ಪದರ. ಸಾಯಂಕಾಲ ಬಣ್ಣ. ನಾಲ್ಕು ಗೀಲ್ಕು ಏನೂ ಬೇಡ" ಎಂದು ಹೇಳಿ ಕಾರು ಹತ್ತಿದರು.

ಅತ್ತಿಗೆಯನ್ನು ಎಳೆದು ಹೊರಗಿನ ಬೇರೆ ದೋಣಿಯ ಕೆಲಸಕ್ಕೆ ಹಾಕಿದರು. ರೋಲರ್ ಹಿಡಿಯಲು ಕೈ ಕಮ್ಮಿ ಬಿತ್ತು. ಮೇಸ್ತ್ರಿ ಸುತ್ತ ನೋಡಿ ನನ್ನ ಕಡೆ ಬೆರಳು ಮಾಡಿದ. ನಾನು ಹಿಡಿದೆ. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಆ ಹೊಳಪಿನ ಮೇಲೆ ಗಂಡಸರು ಬಟ್ಟೆ ಹಾಸಿದರು, ನಾನು ರೆಸಿನ್ ಉರುಳಿಸಿದೆ. ಹಸಿ ರೆಸಿನ್ ಅಲ್ಲಲ್ಲಿ ಎಲೆಯ ಮೇಲಿನ ನೀರಿನ ಹಾಗೆ ಮುದುಡಿಕೊಂಡು ಗುಳ್ಳೆ ಗುಳ್ಳೆಯಾಗಿ ನಿಲ್ಲುತ್ತಿತ್ತು. ಅಂಥ ಕಡೆ ಇನ್ನೆರಡು ಸಲ ಉರುಳಿಸು ಎಂದ ಮೇಸ್ತ್ರಿ. ಉರುಳಿಸಿದೆ. ಸಾಯಂಕಾಲ ಅದರ ಮೇಲೆ ನೀಲಿ ಬಣ್ಣ ಹೊಡೆದಾಗ ನಿಜವಾಗಿ ಚೆನ್ನಾಗಿಯೇ ಕಾಣುತ್ತಿತ್ತು.

ಮನೆಗೆ ನಡೆಯುವ ದಾರಿಯಲ್ಲಿ ಅತ್ತಿಗೆ ನನ್ನ ಕೈಗೆ ಮೆತ್ತಿದ್ದ ರೆಸಿನ್ ನೋಡಿದಳು, ಅಷ್ಟೆ.

ನಮ್ಮದು ಒಂದೇ ಕೋಣೆ. ಒಳಗೆ ಹೋಗುವ ಮೊದಲು ಹೊರಗೇ ಬಟ್ಟೆ ಕೊಡವಬೇಕು, ಇಲ್ಲದಿದ್ದರೆ ಅಣ್ಣನಿಗೆ ಕೆಮ್ಮು ಹತ್ತಿಕೊಳ್ಳುತ್ತದೆ. ಒಂದು ಕಾಲಕ್ಕೆ ಆ ಶೆಡ್ಡಿನಲ್ಲಿ ಫೈಬರ್ ಬಟ್ಟೆ ಹಾಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಮೀನಿನ ದೋಣಿಗೆ ಹೀಗೇ ತೇಪೆ ಹಾಕಬೇಕಾಗಿ ಬಂತು. ಆಗಲೂ ಅವಸರ, ಆಗಲೂ ಥಂಡಿ ಹವೆ. ಉಜ್ಜದೆ ಹಾಸು ಎಂದರು, ಅಣ್ಣ ಹಾಸಿದ. ಐದನೆಯ ವಾರ ನಡುಗಡಲಲ್ಲಿ ತೇಪೆ ಕಿತ್ತುಬಂತು. ಮೂರು ಜನ ಹೋದರು. ವಿಚಾರಣೆಗೆ ಬಂದ ತಪಾಸಣೆ ಸಾಹೇಬರು ಯಜಮಾನರ ಆಫೀಸಿನಲ್ಲಿ ಕೂತು ವರದಿ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲಸಗಾರ ಹೇಳಿದ ಹಾಗೆ ಉಜ್ಜಿಲ್ಲ ಎಂದು ಬರೆದು ಅಣ್ಣನ ಕೈಲಿ ಸಹಿ ಹಾಕಿಸಿದರು. ಎಂಟು ತಿಂಗಳು ಜೈಲು. ಹೊರಗೆ ಬರುವಾಗ ಕೆಮ್ಮು ಜೊತೆಗೆ ಬಂತು.

ಆ ಸಂಜೆ ನಾವು ಊಟಕ್ಕೆ ಕೂರುವ ಹೊತ್ತಿಗೆ ಮೇಸ್ತ್ರಿ ಬಂದ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಒಂದು ಕಾಗದ ಚಾಚಿದ.

"ಯಜಮಾನ್ರು ಕಳಿಸಿದಾರೆ. ತಪಾಸಣೆ ಸಾಹೇಬ್ರಿಗೆ ಕೊಡ್ಬೇಕು. ಸಹಿ ಹಾಕು."

ಅತ್ತಿಗೆ ದೀಪದ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದಳು. "ದೋಣಿಯ ತಳವನ್ನು ನಾನೇ ತೊಳೆದಿದ್ದೇನೆ. ಹೊಳಪು ಹೋಗುವಂತೆ ಉಜ್ಜಿದ್ದೇನೆ. ಪೂರ್ತಿ ಒಣಗಿದ ಮೇಲೆ ಒಪ್ಪಿಸಿದ್ದೇನೆ. ಮುಂದೆ ಏನಾದರೂ ಆದಲ್ಲಿ ಅದಕ್ಕೆ ನಾನೇ ಹೊಣೆ."

ಓದಿ ಮುಗಿಸಿ ನಕ್ಕುಬಿಟ್ಟಳು. "ಈ ಸಲ ಮುಳುಗೋಕ್ ಮುಂಚೇನೇ ಬರ್ಕೊಂಡ್ ಬಂದಿದೀರಲ್ಲ ಮೇಸ್ತ್ರಿ. ಬುದ್ಧಿ ಬಂದಿದೆ."

"ಹೆಚ್ಚು ಮಾತು ಬೇಡ. ಹಾಕ್ದಿದ್ರೆ ನಿನ್ ಗಂಡನ ಕೇಸು ಮತ್ತೆ ತೆಗೆಸ್ತಾರಂತೆ. ನೋಡ್ಕೋ."

"ಕಾಗದ ಇರಲಿ. ನಾಡಿದ್ದು ನಾನೇ ತರ್ತೀನಿ."

ಮೇಸ್ತ್ರಿ ಅಣ್ಣನ ಕಡೆ ಒಮ್ಮೆ ನೋಡಿ ಹೊರಟುಹೋದ. ಅವನ ಚಪ್ಪಲಿ ಸದ್ದು ಓಣಿಯ ತಿರುವಿನಲ್ಲಿ ಅಡಗುವ ತನಕ ಅಣ್ಣ ಉಸಿರು ಬಿಗಿಹಿಡಿದಿದ್ದ.

"ಹಾಕ್ಬಿಡೇ" ಎಂದ.

ನನಗೆ ನಂಬಲಾಗಲಿಲ್ಲ. "ಅಣ್ಣಾ, ಏನ್ ಮಾತಾಡ್ತಿದೀಯಾ?"

"ನಿಂಗೇನ್ ಗೊತ್ತೇ ಜೈಲು ಅಂದ್ರೆ? ಹಾಕ್ಬಿಡ್ಲಿ. ಮುಳುಗುತ್ತೋ ಬಿಡುತ್ತೋ. ಎಲ್ಲಾ ದೋಣೀನೂ ಮುಳುಗಲ್ಲ."

ಅತ್ತಿಗೆ ಕಾಗದ ಮಡಚಿ ಕೆಳಗಿಟ್ಟಳು. "ಅವತ್ತು ನೀನು ಹಾಕ್ದೆ. ಏನ್ ಉಳೀತು?"

ಅಣ್ಣ ಗೋಡೆಗೆ ಒರಗಿಕೊಂಡ. ಬಹಳ ಹೊತ್ತು ಕೆಮ್ಮಿದ. ಕೆಮ್ಮು ನಿಂತ ಮೇಲೆ ಒಂದು ಮಾತು ಹೇಳಿದ. ಅದನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

"ಆ ಸತ್ತವ್ರಲ್ಲಿ ಒಬ್ಬನ ತಾಯಿ ಜೈಲಿನ ಬಾಗಿಲಿಗೆ ಬಂದಿದ್ಲು. ನನ್ನ ನೋಡ್ಬೇಕು ಅಂತ ಕೂತ್ಕೊಂಡ್ಲಂತೆ. ನನ್ನ ಕರ್ಕೊಂಡು ಹೋದ್ರು. ಒಂದು ಮಾತಾಡ್ಲಿಲ್ಲ. ಕಂಬಿ ಸಂದೀಲಿ ಮುಖಕ್ಕೆ ಉಗುದ್ಲು. ನಾನು ಒರೆಸ್ಕೊಳ್ಳಲಿಲ್ಲ. ತಾನಾಗೇ ಒಣಗೋ ತನ್ಕ ನಿಂತಿದ್ದೆ."

ಆ ಮೇಲೆ ಯಾರೂ ಊಟ ಮಾಡಲಿಲ್ಲ.

ದೋಣಿ ಇಳಿಸುವ ದಿನ ಬೆಳಿಗ್ಗೆ ಶೆಡ್ಡು ಗುರುತೇ ಸಿಗದ ಹಾಗಿತ್ತು. ರೆಸಿನ್ ಡಬ್ಬಗಳ ಮೇಲೆ ಪರದೆ ಎಳೆದಿದ್ದರು. ನೆಲ ಗುಡಿಸಿ ಚಾಪೆ ಹಾಸಿದ್ದರು. ಬಣ್ಣದ ಕುರ್ಚಿಗಳು, ಗಾಜಿನ ಲೋಟದಲ್ಲಿ ಹಣ್ಣಿನ ರಸ. ಗಾಲಿಬಂಡಿಯ ಮೇಲೆ ಕೂರಿಸಿದ್ದ ದೋಣಿಗೆ ಕಾಗದದ ಮಾಲೆ. ಬಂಡಿಯ ಕೆಳಗಿಂದ ಎರಡು ಕಂಬಿಗಳು ಇಳಿಜಾರಿನಲ್ಲಿ ನೇರ ನೀರಿಗೆ ಹೋಗಿದ್ದವು. ಹಿಂದೆ, ಎತ್ತರದಲ್ಲಿ, ತಂತಿ ಹಗ್ಗ ಸುತ್ತಿದ ದೊಡ್ಡ ರಾಟೆ. ಅದರ ಹಿಡಿಕೆಯ ಹತ್ತಿರ ರಾಟೆಯವನು ನಿಂತಿದ್ದ. ಅವನು ರಾಟೆಯ ಚಕ್ರವನ್ನು ಒಂದೊಂದೇ ಹಲ್ಲು ಬಿಟ್ಟ ಹಾಗೆ ಬಂಡಿ ಗೇಣು ಗೇಣಾಗಿ ಇಳಿಯುತ್ತದೆ.

ನಮ್ಮನ್ನು ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ್ದರು. "ಕೈ ಹಿಂದೆ ಇಟ್ಕೊಳ್ರೇ, ಆ ಹುಣ್ಣು ತೋರಿಸ್ಬೇಡಿ" ಎಂದು ಮೇಸ್ತ್ರಿ ತಾಕೀತು ಮಾಡಿದ್ದ.

ಅದೇ ತಪಾಸಣೆ ಸಾಹೇಬರು ಬಂದರು, ಎರಡು ವರ್ಷದ ಹಿಂದಿನವರೇ. ದೋಣಿಯನ್ನು ಒಂದು ಸುತ್ತು ಹಾಕಿದರು. ಪೆನ್ನಿನ ಹಿಂಭಾಗದಿಂದ ಎರಡು ಕಡೆ ಟಕ್ ಟಕ್ ಎಂದು ತಟ್ಟಿ, "ಫಸ್ಟ್ ಕ್ಲಾಸ್" ಎಂದು ಕುರ್ಚಿಗೆ ಬಂದು ಕೂತರು. ಯಜಮಾನರು ಲೋಟ ಎತ್ತಿ ಅವರ ಕೈಗೆ ಕೊಟ್ಟರು.

"ಉಜ್ಜಿದವರ ಕಾಗದ ಒಂದು ಬೇಕಲ್ಲ?"

"ಇದೆ ಸಾಹೇಬ್ರೆ. ಏಯ್, ಬಾರೇ ಇಲ್ಲಿ!"

ಅತ್ತಿಗೆ ಗೋಡೆ ಬಿಟ್ಟು ಮುಂದೆ ಹೋದಳು. ಎಡಗೈಯಲ್ಲಿ ಕಾಗದ ಇತ್ತು. ಆದರೆ ಅವಳು ಕುರ್ಚಿಗಳ ಕಡೆ ಹೋಗದೆ ದೋಣಿಯ ಕಡೆ ತಿರುಗಿದಳು. ಸೊಂಟದಿಂದ ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿ ತೆಗೆದಳು.

"ಸಹಿ ಹಾಕೋಕ್ ಮುಂಚೆ ಸಾಹೇಬ್ರು ಒಂದ್ಸಲ ನೋಡ್ಬಿಡ್ಲಿ" ಎಂದಳು.

ತೇಪೆಯ ಅಂಚಿಗೆ ಪಟ್ಟಿಯ ಬಾಯಿ ಕೊಟ್ಟು ಒಂದು ಸಲ ಒತ್ತಿದಳು. ಸರಿಯಾಗಿ ಕೂತ ಪದರವಾಗಿದ್ದರೆ ಸುತ್ತಿಗೆ ಉಳಿ ಹಿಡಿದು ಅರ್ಧ ದಿನ ಬಡಿದರೂ ಕದಲುವುದಿಲ್ಲ. ಇದು ಬೆಂದ ಗೆಣಸಿನ ಸಿಪ್ಪೆಯ ಹಾಗೆ ಎದ್ದಿತು. ಎದ್ದ ಅಂಚನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಹೊಸ ಬಟ್ಟೆ ಹರಿದಂಥ ಸದ್ದಿನೊಂದಿಗೆ, ನೀಲಿ ಬಣ್ಣದ ಸಮೇತ, ಎರಡು ಪದರವೂ ಒಂದು ಮಾರಿನಷ್ಟು ಕಿತ್ತುಬಂದು ಜೋತುಬಿತ್ತು. ಒಳಗಿನ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕುರ್ಚಿಯಲ್ಲಿ ಕೂತವರ ಬಣ್ಣ ಬಣ್ಣದ ಬಟ್ಟೆಗಳು ಅದರಲ್ಲಿ ಮಸಕು ಮಸಕಾಗಿ ಕಾಣುತ್ತಿದ್ದವು.

"ಹಿಡೀರೋ ಆ ಬೇವರ್ಸಿನ!" ಯಜಮಾನರು ಕಿರುಚಿದರು.

ಮೇಸ್ತ್ರಿ ಓಡಿಹೋಗಿ ಅವಳ ಕೂದಲು ಹಿಡಿದು ಹಿಂದಕ್ಕೆ ಎಳೆದು ಕೆಡವಿದ. ಅವಳ ತಲೆ ಕಂಬಿಗೆ ತಗುಲಿತು. ಬಿದ್ದಲ್ಲಿಂದಲೇ ಅವಳು ಕೂಗಿದಳು. "ತೊಂಬತ್ತು ಜನ ಕೂರ್ತಾರೆ ಸಾಹೇಬ್ರೆ ಇದ್ರಲ್ಲಿ! ತೊಳ್ದಿಲ್ಲ, ಉಜ್ಜಿಲ್ಲ! ನೋಡಿ, ಮುಟ್ಟಿ ನೋಡಿ!"

ಸಾಹೇಬರು ಎದ್ದು ಬಂದರು. ಬಗ್ಗಿ ನೋಡಿದರು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು. ಅವರ ಕತ್ತಿನ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಈಗ ಏನಾದರೂ ಹೇಳುತ್ತಾರೆ ಎಂದು ನಾವೆಲ್ಲ ಕಾದೆವು.

"ಮೂಲೆಯಲ್ಲಿ ಸ್ವಲ್ಪ ಎದ್ದಿದೆ" ಎಂದರು.

"ಸ್ವಲ್ಪವೇ ಸಾಹೇಬ್ರೆ" ಎಂದರು ಯಜಮಾನರು. "ಅದೂ ಅವಳು ಕಿತ್ತಿದ್ದು. ಒಳಗೆ ಇನ್ನೊಂದು ಪದರ ಭದ್ರವಾಗಿದೆ. ಇವತ್ತು ಇಷ್ಟು ಜನ ಬಂದಿದಾರೆ, ನೀರಿಗಿಳಿಸಿ ಬಿಡೋಣ. ನಾಳೆ ಮತ್ತೆ ಮೇಲೆತ್ತಿ ಸರಿ ಮಾಡ್ತೀನಿ."

ನಾಳೆ ಬೆಳಿಗ್ಗೆ ಏಳಕ್ಕೆ ಮೊದಲ ದಾಟು ಎಂದು ಜನ ದೋಣಿ ಹತ್ತುವ ದಕ್ಕೆಯಲ್ಲಿ ಬೋರ್ಡು ಹಾಕಿದ್ದು ಸಾಹೇಬರಿಗೂ ಗೊತ್ತಿತ್ತು. ಬರುವ ದಾರಿಯಲ್ಲೇ ಅದು ಇದೆ.

"ಕಾಗದ ಒಂದಿದ್ರೆ ನನ್ನ ಕಡೆಯಿಂದ ತೊಂದರೆ ಇಲ್ಲ" ಎಂದರು.

ಅತ್ತಿಗೆಯ ಕೈಯಿಂದ ಬಿದ್ದಿದ್ದ ಕಾಗದವನ್ನು ಯಜಮಾನರು ಎತ್ತಿಕೊಂಡು, ಧೂಳು ಊದಿ, ಗೋಡೆಯ ಕಡೆ ನೋಡಿದರು. ಅವರ ಕಣ್ಣು ಅಲ್ಲಿ ಉಳಿದಿದ್ದ ಆರು ಜನರ ಮೇಲೆ ಹರಿದು ನನ್ನ ಮೇಲೆ ನಿಂತಿತು.

"ರೋಲರ್ ಹಿಡಿದವಳು ನೀನಲ್ವಾ? ಬಾ. ನೀನು ಹಾಕು."

ನಾನು ಗೋಡೆ ಬಿಡಲಿಲ್ಲ. ಇಬ್ಬರು ರಟ್ಟೆ ಹಿಡಿದು ತಂದು ಮೇಜಿನ ಮುಂದೆ ನಿಲ್ಲಿಸಿದರು. ಪೆನ್ನು ಕೊಟ್ಟರು.

"ನಂಗೆ ಬರೆಯೋಕ್ ಬರಲ್ಲ" ಎಂದೆ. ಸುಳ್ಳು. ಬೇರೆ ಏನೂ ತೋಚಲಿಲ್ಲ.

"ಹೆಬ್ಬೆಟ್ಟು ಒತ್ತಿಸ್ರೋ."

ಆಫೀಸಿನಿಂದ ಮಸಿಯ ಡಬ್ಬಿ ಬಂತು. ಮೇಸ್ತ್ರಿ ನನ್ನ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದ. ಮಣಿಕಟ್ಟು ತಿರುಚಿದ್ದರಿಂದ ಕಣ್ಣಲ್ಲಿ ನೀರು ಬಂತು. ಸಾಹೇಬರು ಬಗ್ಗಿ ನೋಡಿದರು.

"ಗೆರೆ ಬಿದ್ದಿಲ್ಲ. ಇನ್ನೊಂದ್ಸಲ."

ಇನ್ನೊಂದು ಸಲ ಒತ್ತಿದರು. ನೀಲಿ ಬೊಟ್ಟು ಬಿತ್ತು. ಬರೀ ಬೊಟ್ಟು, ಒಳಗೆ ಒಂದು ಗೆರೆ ಇಲ್ಲ.

"ಮಸಿ ಜಾಸ್ತಿ ಆಯ್ತೇನೋ. ಒರೆಸಿ ಒತ್ತು."

ಒರೆಸಿ ಒತ್ತಿದರು. ಎಡಗೈ ನೋಡು ಎಂದರು. ಎಡಗೈ ಒತ್ತಿದರು. ನಾಲ್ಕು ಬೊಟ್ಟು ಸಾಲಾಗಿ ಬಿದ್ದವು, ಯಾವುದರಲ್ಲೂ ನಾನಿಲ್ಲ. ಆರು ವರ್ಷ ಎಂಬತ್ತನೇ ನಂಬರಿನ ಒರಟು ಉಪ್ಪುಕಾಗದ ಹಿಡಿದ ಕೈ ಅದು. ದೋಣಿಗಳ ಜೊತೆಗೆ ಅದೂ ಸವೆದಿತ್ತು. ನಾನೇ ಅದನ್ನು ಅವತ್ತಿನವರೆಗೆ ಗಮನಿಸಿರಲಿಲ್ಲ. ಸಾಹೇಬರು ನನ್ನ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು, ಅಂಗಡಿಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ.

"ಹೋಗ್ಲಿ ಬಿಡಿ. ಬೊಟ್ಟು ಇದೆಯಲ್ಲ, ಸಾಕು" ಎಂದು ಕಾಗದ ಮಡಚಿ ಫೈಲಿಗೆ ಸೇರಿಸಿದರು.

ಮೇಸ್ತ್ರಿ ಜೋತುಬಿದ್ದಿದ್ದ ಪದರವನ್ನು ಮೇಲೆತ್ತಿ, ಅಂಟು ಪಟ್ಟಿ ಹೊಡೆದು, ಮೇಲೆ ನೀಲಿ ಬಣ್ಣ ಬಳಿಸುತ್ತಿದ್ದ. ಕುರ್ಚಿಯವರು ಮತ್ತೆ ಮಾತಿಗೆ ಶುರುಮಾಡಿದ್ದರು. ಯಾರೋ ಒಬ್ಬರು ಇನ್ನೊಂದು ಲೋಟ ಹಣ್ಣಿನ ರಸ ಕೇಳಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಆಗ ಅತ್ತಿಗೆ ಎದ್ದಳು. ಕಿವಿಯ ಮೇಲಿಂದ ರಕ್ತ ಇಳಿದು ಕುತ್ತಿಗೆಯ ಧೂಳಿನಲ್ಲಿ ಕೆಸರಾಗಿತ್ತು. ಯಾರನ್ನೂ ನೋಡದೆ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದು, ಎರಡು ಕಂಬಿಗಳ ನಡುವೆ, ಬಂಡಿಯ ಗಾಲಿಗಳ ಎದುರಿಗೆ, ನೀರಿಗೆ ಬೆನ್ನು ಮಾಡಿ ಕೂತಳು.

"ಏಳೇ ಅಲ್ಲಿಂದ!" ಎಂದ ಮೇಸ್ತ್ರಿ.

ಅವಳು ಏಳಲಿಲ್ಲ. ಕಾಲು ನೀಡಿ ಸರಿಯಾಗಿ ಕೂತಳು.

ನನ್ನ ಎರಡು ಹೆಬ್ಬೆರಳಿಗೂ ಮಸಿ ಇತ್ತು. ನಾನು ಹೋಗಿ ಅವಳ ಪಕ್ಕ ಕೂತೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಗೋಡೆಯ ಹತ್ತಿರ ನಿಲ್ಲಲು ಆಗಲಿಲ್ಲ. ಅತ್ತಿಗೆ ನನ್ನ ಕಡೆ ತಿರುಗಿ, "ರೋಲರ್ ಹಿಡಿದ್ಯಲ್ಲೇ" ಎಂದಳು. "ಹಿಡಿದೆ" ಎಂದೆ. ಅಷ್ಟೇ ಮಾತು. ಕೂರಲು ಜಾಗ ಸರಿದುಕೊಟ್ಟಳು.

ಸ್ವಲ್ಪ ಹೊತ್ತಿಗೆ ಗೊಣಗಜ್ಜಿ ಮಂಡಿ ಹಿಡಿದುಕೊಂಡು ಇಳಿದು ಬಂದಳು. "ಬೆಳಿಗ್ಗೆಯಿಂದ ನಿಲ್ಸಿದಾರೆ ಸೂಳೆಮಕ್ಕಳು, ಕೂರೋಕೊಂದು ಕುರ್ಚಿ ಕೊಡ್ಲಿಲ್ಲ" ಎನ್ನುತ್ತ ನಮ್ಮ ಹಿಂದೆ ಕೂತಳು. ಆಮೇಲೆ ಉಳಿದ ನಾಲ್ವರು ಒಬ್ಬೊಬ್ಬರಾಗಿ ಬಂದರು. ಗಂಡಸರಲ್ಲಿ ಯಾರೂ ಬರಲಿಲ್ಲ. ಆದರೆ ನಮ್ಮನ್ನು ಎಳೆದುಹಾಕಿ ಎಂದು ಮೇಸ್ತ್ರಿ ಕೂಗಿದಾಗಲೂ ಅವರಲ್ಲಿ ಒಬ್ಬರೂ ಕದಲಲಿಲ್ಲ.

ಕುರ್ಚಿಗಳ ಕಡೆ ಗುಸುಗುಸು ಎದ್ದಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಯಜಮಾನರ ಮುಖ ಕೆಂಪಗಾಗಿತ್ತು. ಅವರು ರಾಟೆಯ ಕಡೆ ತಿರುಗಿದರು.

"ಬಿಡೋ ಹಗ್ಗ."

ರಾಟೆಯವನು ನಮ್ಮನ್ನು ನೋಡಿದ. "ಜನ ಇದಾರೆ ಯಜಮಾನ್ರೆ."

"ಗಾಲಿ ಉರುಳಿದ್ರೆ ಇಲಿಗಳ ಹಾಗೆ ಓಡ್ತಾವೆ. ಬಿಡು ಅಂದೆ."

ಅವನು ಹಿಡಿಕೆಗೆ ಕೈ ಹಾಕಿದ. ಮೇಲಿನಿಂದ ಕಬ್ಬಿಣದ ಹಲ್ಲು ಕಳಚಿದ ಸದ್ದು ಬಂತು, ಒಂದು. ತಂತಿ ಹಗ್ಗ ಕಿರುಗುಟ್ಟಿತು. ದೋಣಿ ಒಂದು ಗೇಣು ಕೆಳಗೆ ಬಂತು. ಅದರ ನೆರಳು ನಮ್ಮ ಪಾದದ ಮೇಲೆ ಬಿತ್ತು.

ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಸುಡುತ್ತಿತ್ತು.

ಇನ್ನೊಂದು ಹಲ್ಲು. ನೆರಳು ಮೊಣಕಾಲಿಗೆ ಬಂತು. ಹಿಂದೆ ಗೊಣಗಜ್ಜಿಯ ಗೊಣಗಾಟ ನಿಂತಿತ್ತು. ಗಾಲಿಯ ಮೇಲಿನ ತುಕ್ಕು, ಅಚ್ಚಿಗೆ ಹಚ್ಚಿದ ಗ್ರೀಸು, ಎಲ್ಲ ಕಣ್ಣಿಗೆ ಅಷ್ಟು ಹತ್ತಿರವಾಗಿತ್ತು.

ರಾಟೆಯವನ ಕೈ ಇನ್ನೂ ಹಿಡಿಕೆಯ ಮೇಲೇ ಇತ್ತು. ನಮ್ಮಲ್ಲಿ ಯಾರೂ ಏಳಲಿಲ್ಲ.